ಕಾಡು ಉಳಿಸಿಕೊಂಡವರಿಗೊಂದು ಫಲಕ

ಕಾಡು ಎಂದಕೂಡಲೇ ನಮಗೆ ನೆನಪಾಗುವುದು ಅರಣ್ಯ ಇಲಾಖೆ, ಗಡಿಕಲ್ಲು, ಗಾರ್ಡು. ಹಾಗಾಗಿ ಸ್ವಂತ ಜಮೀನಿನ ಕಾಡನ್ನು ಚೆನ್ನಾಗಿ ನೋಡಿಕೊಂಡವರನ್ನು ಗುರುತಿಸಿ ಗೌರವಿಸುವ ಪದ್ಧತಿ ಒಂದಿದೆ ಎಂದರೆ ಹಲವರಿಗೆ ಹೊಸದೆನಿಸಬಹುದು. ಅಮೆರಿಕದಲ್ಲಿ ಅದು ಹಳೆಯದು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಕಾಡು ಖಾಸಗಿಯವರ ಕೈಯಲ್ಲಿದೆ. ಅದರಲ್ಲೂ ದೊಡ್ಡ ಪಾಲು ಸಾಮಾನ್ಯ ಕುಟುಂಬಗಳದು. ಅಷ್ಟೂ ಜಮೀನಿಗೆ ಯಾವ ಸರ್ಕಾರವೂ ಕಾವಲು ಹಾಕಲಾರದು. ಮರ ಬಲಿಯಲು ನಲವತ್ತೋ ಎಂಬತ್ತೋ ವರ್ಷ ಬೇಕು, ಜಮೀನಿನ ತೆರಿಗೆ ಮಾತ್ರ ವರ್ಷ ವರ್ಷವೂ ಬರುತ್ತದೆ. ಕಡಿದು ಮಾರುವುದೋ ಬಿಡುವುದೋ ಎಂಬ ನಿರ್ಧಾರ ಮಾಲೀಕನ ಮನಸ್ಸಿಗೇ ಬಿಟ್ಟದ್ದು.

ಆ ಮನಸ್ಸನ್ನು ಕಾಡಿನ ಕಡೆಗೆ ಒಲಿಸಿಕೊಳ್ಳುವ ಪ್ರಯತ್ನಗಳಲ್ಲಿ ಹೆಸರಾದದ್ದು ‘ಟ್ರೀ ಫಾರ್ಮ್’ ವ್ಯವಸ್ಥೆ. 1941ರ ಜೂನ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮಾಂಟೆಸಾನೊ ಊರಿನ ಬಳಿ ವೇಯರ್‌ಹೌಸರ್ ಎಂಬ ಮರದ ಕಂಪನಿ ತನ್ನ ಸುಮಾರು 1,20,000 ಎಕರೆಯನ್ನು ಕ್ಲೆಮನ್ಸ್ ಟ್ರೀ ಫಾರ್ಮ್ ಎಂದು ಘೋಷಿಸಿತು. ಮರ ಕಡಿದು ಮುಗಿದ, ಮತ್ತೆ ಮತ್ತೆ ಬೆಂಕಿ ಬಿದ್ದ ನೆಲ ಅದು. ಇದು ಪಾಳುಭೂಮಿಯಲ್ಲ, ಇಲ್ಲಿ ಮುಂದಿನ ಪೀಳಿಗೆಯ ಮರ ಬೆಳೆಯುತ್ತಿದೆ, ಬೆಂಕಿಯ ಬಗ್ಗೆ ಎಚ್ಚರವಿರಲಿ ಎಂದು ಜನರಿಗೆ ತಿಳಿಸುವುದು ಉದ್ದೇಶ. ಕಂಪನಿಗಳ ಸ್ವಾರ್ಥವೂ ಇತ್ತು. ಖಾಸಗಿ ಕಾಡು ಕಡಿಯುವುದಕ್ಕೆ ಸರ್ಕಾರ ಕಡಿವಾಣ ಹಾಕಬೇಕೆಂಬ ಮಾತು ಆಗ ಜೋರಾಗಿತ್ತು. ನಾವೇ ಸರಿಯಾಗಿ ನಡೆದುಕೊಳ್ಳುತ್ತೇವೆ ಎಂದು ತೋರಿಸುವ ಅಗತ್ಯ ಅವುಗಳಿಗಿತ್ತು. ಹುಟ್ಟು ಹೀಗಾದರೂ, ವ್ಯವಸ್ಥೆ ಬೇಗನೆ ಬೇರೆ ರಾಜ್ಯಗಳಿಗೂ ಹಬ್ಬಿ, ಕ್ರಮೇಣ ಸಣ್ಣ ಹಿಡುವಳಿದಾರರದೇ ಆಯಿತು. ಇಂದು ಅದನ್ನು ನಡೆಸುತ್ತಿರುವುದು ಅಮೆರಿಕನ್ ಫಾರೆಸ್ಟ್ ಫೌಂಡೇಶನ್.

ಸೇರಲು ಕನಿಷ್ಠ 10 ಎಕರೆ ಕಾಡಿರಬೇಕು. ಅದನ್ನು ಹೇಗೆ ನೋಡಿಕೊಳ್ಳುತ್ತೇನೆಂಬ ಯೋಜನೆ ಬರಹದಲ್ಲಿರಬೇಕು. ಆಮೇಲೆ ತರಬೇತಿ ಪಡೆದ ಅರಣ್ಯತಜ್ಞ ಬಂದು ಜಮೀನು ಸುತ್ತುತ್ತಾನೆ. ಒಪ್ಪಿಗೆಯಾದರೆ ಹಸಿರು–ಬಿಳಿ ಬಣ್ಣದ, ವಜ್ರಾಕಾರದ ಫಲಕವೊಂದು ಗೇಟಿನ ಬಳಿ ನಿಲ್ಲುತ್ತದೆ. ಅದರ ನಾಲ್ಕು ಅಂಚಿನಲ್ಲಿ ಮರ, ನೀರು, ವಿಹಾರ, ವನ್ಯಜೀವಿ ಎಂಬರ್ಥದ ನಾಲ್ಕು ಪದಗಳಿವೆ. ನಾಟಾ ಒಂದನ್ನೇ ನೋಡಿ ಫಲಕ ಕೊಡುವುದಿಲ್ಲ ಎಂಬುದಕ್ಕೆ ಆ ಪದಗಳೇ ಸಾಕ್ಷಿ.

ಹೊಸಬರು ಗಮನವಿಟ್ಟು ನೋಡಬೇಕಾದದ್ದು ಆ ಸುತ್ತಾಟವನ್ನು. ಅಂಗಳ ಗುಡಿಸಿದಂತೆ ಚೊಕ್ಕಟವಾದ ಕಾಡೇ ಒಳ್ಳೆಯ ಕಾಡು ಎಂದು ನಾವು ತಿಳಿದಿರುತ್ತೇವೆ. ತಜ್ಞನ ಕಣ್ಣು ಬೇರೆಯದನ್ನೇ ಹುಡುಕುತ್ತದೆ. ತೊರೆಯ ಎರಡೂ ದಡದಲ್ಲಿ ಮರಗಳನ್ನು ಕಡಿಯದೆ ಪಟ್ಟಿಯಾಗಿ ಬಿಟ್ಟಿದ್ದಾರೆಯೇ? ಬಿಡದಿದ್ದರೆ ಮಳೆಗೆ ಮಣ್ಣು ನೇರವಾಗಿ ನೀರಿಗಿಳಿಯುತ್ತದೆ. ದಿಮ್ಮಿ ಎಳೆದ ದಾರಿಯಲ್ಲಿ ನೀರು ಓಡಿ ಕೊರಕಲು ಬೀಳದಂತೆ ಅಲ್ಲಲ್ಲಿ ಅಡ್ಡ ದಿಂಡು ಹಾಕಿದ್ದಾರೆಯೇ? ದೊಡ್ಡ ಮರಗಳ ಕೆಳಗೆ ಅದೇ ಜಾತಿಯ ಸಸಿಗಳು ಏಳುತ್ತಿವೆಯೇ? ಒಣಗಿ ನಿಂತ ಒಂದೆರಡು ಮರಗಳನ್ನು ಹಾಗೇ ಬಿಟ್ಟಿದ್ದರೆ ಅದೂ ಮೆಚ್ಚುಗೆಯ ಸಂಗತಿ. ಮರಕುಟಿಗ ಮೊದಲು ಅದರಲ್ಲಿ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಮೇಲೆ ಗೂಬೆಯೋ ಅಳಿಲೋ ಸಂಸಾರ ಹೂಡುತ್ತದೆ. ಸೌದೆಗೆಂದು ಅದನ್ನು ಉರುಳಿಸಿದರೆ ಅಷ್ಟೂ ಜೀವಗಳಿಗೆ ಮನೆಯಿಲ್ಲ.

ಫಲಕ ಸಿಕ್ಕ ಮೇಲೂ ಕಾಲಕಾಲಕ್ಕೆ ಮರುಪರಿಶೀಲನೆ ನಡೆಯುತ್ತದೆ. ಇದಲ್ಲದೆ ವರ್ಷದ ಶ್ರೇಷ್ಠ ಮಾಲೀಕರನ್ನು ಆರಿಸುವ ಪ್ರಶಸ್ತಿಯೂ ಇದೆ. ಗೆದ್ದವರ ಜಮೀನಿಗೆ ನೆರೆಹೊರೆಯವರನ್ನು ಕರೆದು ತೋರಿಸುವ ರೂಢಿಯುಂಟು. ಸನ್ಮಾನದ ಶಾಲಿಗಿಂತ ಇದು ಹೆಚ್ಚಿನದು ಎಂದು ನಾನು ನಂಬಿದ್ದೇನೆ. ಕಾಡು ಕಾಯುವ ಕೆಲಸವನ್ನು ಒಬ್ಬ ಮಾಲೀಕ ಇನ್ನೊಬ್ಬನಿಂದ ಕಲಿಯುವಷ್ಟು ಚೆನ್ನಾಗಿ ಕೈಪಿಡಿಯಿಂದ ಕಲಿಯಲಾರ. ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಕೂಡ ಸ್ವಂತ ಜಮೀನಿನಲ್ಲಿ ಕಾಡು ಬೆಳೆಸಿದವರೇ. 1935ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಾರ ಸತ್ತ ಜಮೀನೊಂದನ್ನು ಕೊಂಡು, ಮನೆಮಂದಿಯೊಂದಿಗೆ ಸಾವಿರಾರು ಪೈನ್ ಸಸಿ ನೆಟ್ಟರು. ಕಾನೂನು, ಸಹಾಯಧನ ಎರಡೇ ಸಾಲವು, ಭೂಮಿಯ ಬಗ್ಗೆ ಒಡೆಯನಿಗೇ ಹೊಣೆ ಹುಟ್ಟಬೇಕು ಎಂಬುದು ಅವರ ವಾದ. 1948ರಲ್ಲಿ ನೆರೆಯವರ ಜಮೀನಿಗೆ ಬಿದ್ದ ಬೆಂಕಿ ಆರಿಸುತ್ತಲೇ ತೀರಿಕೊಂಡರು.

ಫಲಕಕ್ಕೆ ಮಿತಿಯೂ ಇದೆ. ಅದು ತಾನಾಗಿ ಹಣ ತರುವುದಿಲ್ಲ. ಕಾಡುಳ್ಳ ಕುಟುಂಬಗಳಲ್ಲಿ ಇದಕ್ಕೆ ಸೇರಿದವರು ಸಣ್ಣ ಪಾಲು ಮಾತ್ರ.

ನಮ್ಮಲ್ಲೂ ಗೌರವ ಇಲ್ಲವೆಂದಲ್ಲ. ಗಿಡ ನೆಟ್ಟು ಬೆಳೆಸುವವರಿಗಾಗಿ ಕೇಂದ್ರ ಸರ್ಕಾರ 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಆರಂಭಿಸಿತು. ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಸಸಿಗಳಲ್ಲಿ ಬದುಕುಳಿದವನ್ನು ಎಣಿಸಿ ಮೂರು ವರ್ಷ ಕಂತಿನಲ್ಲಿ ಹಣ ಕೊಡುತ್ತಾರೆ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ಹಣ ಎಂಬುದು ನಿಜಕ್ಕೂ ಒಳ್ಳೆಯ ನಿಯಮ. ಆದರೆ ಇಲ್ಲೂ ಲೆಕ್ಕಕ್ಕೆ ಬರುವುದು ಹೊಸ ಸಸಿ. ಇದ್ದ ಕಾಡನ್ನು ಕಡಿಯದೆ ಬಿಟ್ಟವನನ್ನು ಕೇಳುವವರಿಲ್ಲ. ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು, ಸುತ್ತಲ ಜಮೀನನ್ನೂ ಸೇರಿಸಿಕೊಳ್ಳುತ್ತ ಸುಮಾರು 300 ಎಕರೆ ಕಾಡಾಗಿ ಬೆಳೆಯಲು ಬಿಟ್ಟರು. ಪಮೇಲಾ ಅವರಿಗೆ ನಾರಿ ಶಕ್ತಿ ಪುರಸ್ಕಾರ ಬಂತು. ಅಂಥ ಮನ್ನಣೆ ಅಪರೂಪ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳನ್ನೇ ನೋಡಿ. ತೋಟಕ್ಕೆ ಸೊಪ್ಪು ಸಿಗಲೆಂದು ಅಡಿಕೆ ತೋಟದ ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದುಂಟು. ನೆಲ ಸರ್ಕಾರದ್ದು, ಸೊಪ್ಪು–ದರಕಿನ (ಒಣ ಎಲೆಯ) ಹಕ್ಕು ತೋಟಿಗರದು. ಒಬ್ಬರ ಬೆಟ್ಟ ಬೋಳಾಗಿ ಹುಲ್ಲು ಹಿಡಿದಿರುತ್ತದೆ. ಪಕ್ಕದ್ದು ಮತ್ತಿ, ನಂದಿ, ಹೊನ್ನೆ ಮರಗಳಿಂದ ತುಂಬಿರುತ್ತದೆ. ಆ ಎರಡನೆಯವರಿಗೆ ಇಂದಿಗೂ ಒಂದು ಫಲಕವಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಿನ ಸಮಿತಿಯವರನ್ನು ಕೇಳಿ: ಈ ಮಳೆಗಾಲ ಕಳೆದ ಮೇಲೆ ಊರಿನ ಬೆಟ್ಟಗಳನ್ನು ಒಮ್ಮೆ ಸುತ್ತಿ, ಚೆನ್ನಾಗಿ ಉಳಿಸಿಕೊಂಡ ಒಂದು ಮನೆಯವರನ್ನು ಗ್ರಾಮಸಭೆಯಲ್ಲಿ ಹೆಸರು ಹೇಳಿ ಗೌರವಿಸಲಿ.