ಕಾಮಾಲೆ ತೋರದ ಕಾಯಿಲೆ: ಹೆಪಟೈಟಿಸ್ ಸಿ

ಕಣ್ಣು ಹಳದಿಯಾದರೆ ಕಾಮಾಲೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳ್ಳಿಗಳಲ್ಲಾಗಲಿ, ವಾಡಿ, ಶಹಾಬಾದಗಳಂಥ ಸಿಮೆಂಟು ಮತ್ತು ಕಲ್ಲಿನ ಊರುಗಳಲ್ಲಾಗಲಿ, ಕಣ್ಣಿನಲ್ಲಿ ಹಳದಿ ಕಂಡೊಡನೆ ಮನೆಯವರು ಎಚ್ಚರಗೊಳ್ಳುತ್ತಾರೆ, ಪಥ್ಯ ಮಾಡಿಸುತ್ತಾರೆ, ನಾಟಿ ಔಷಧವನ್ನು ಹುಡುಕುತ್ತಾರೆ. ಹಳದಿ ಇಳಿದರೆ ರೋಗವೂ ಹೋಯಿತೆಂದು ನೆಮ್ಮದಿ ತಾಳುತ್ತಾರೆ. ಆದರೆ ಕಣ್ಣಿಗೆ ಬಣ್ಣವನ್ನೇ ತಾರದೆ, ಇಪ್ಪತ್ತು ಮೂವತ್ತು ವರ್ಷ ದೇಹದೊಳಗೆ ಅಡಗಿದ್ದು, ಯಕೃತ್ತನ್ನು ಮೆಲ್ಲಮೆಲ್ಲನೆ ಕೆಡಿಸುವ ರೋಗವೊಂದುಂಟು. ಅದೇ ಹೆಪಟೈಟಿಸ್ ಸಿ. ಇದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು. ರಕ್ತದಲ್ಲಿ ಹುಡುಕಿಯೇ ತಿಳಿಯಬೇಕು. ಹುಡುಕಿ ಹಿಡಿದರೆ, ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲಿಯೂ ಗುಣಪಡಿಸಬಹುದು.

ಕಾಮಾಲೆ ಒಂದು ಚಿಹ್ನೆ ಮಾತ್ರ

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ಅಂಗವೇ ಯಕೃತ್ತು ಅಥವಾ ಪಿತ್ತಜನಕಾಂಗ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಹುಟ್ಟುತ್ತದೆ. ಯಕೃತ್ತು ಅದನ್ನು ಪಿತ್ತರಸದೊಡನೆ ಹೊರಹಾಕುತ್ತದೆ. ಯಕೃತ್ತು ಈ ಕೆಲಸದಲ್ಲಿ ಹಿಂದೆ ಬಿದ್ದಾಗ ಬಣ್ಣವು ರಕ್ತದಲ್ಲಿಯೇ ಉಳಿದು ಕಣ್ಣು, ಚರ್ಮಗಳು ಹಳದಿಯಾಗುತ್ತವೆ. ಆದುದರಿಂದ ಕಾಮಾಲೆಯು ಒಂದು ರೋಗವಲ್ಲ. ಹಲವು ರೋಗಗಳಿಗೆ ಸಾಮಾನ್ಯವಾದ ಚಿಹ್ನೆ.

ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಮದ್ಯಪಾನದಿಂದಲೂ ಕೆಲವು ಔಷಧಗಳಿಂದಲೂ ಅದು ಬರಬಹುದು. ವೈರಸ್ಸುಗಳಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಮುಖ್ಯವಾದವು. ಎ ಮತ್ತು ಇ ಕೊಳಕು ನೀರು, ಆಹಾರಗಳ ಮೂಲಕ ಹರಡುತ್ತವೆ. ಕಾಗಿಣಾ ನದಿಯ ದಡದ ಊರಿನಲ್ಲಿ ವೈದ್ಯರು ನೀರನ್ನು ಕುದಿಸಿ ಕುಡಿಯಿರಿ ಎಂದರೆ ಅದು ಈ ಎರಡಕ್ಕೆ ತಕ್ಕ ಉಪದೇಶ. ಸಿ ವೈರಸ್ಸಿನ ದಾರಿಯೇ ಬೇರೆ. ಅದು ರಕ್ತದಿಂದ ರಕ್ತಕ್ಕೆ ಹೋಗುತ್ತದೆ.

ಕಾಣದ ವೈರಸ್ಸಿನ ಪತ್ತೆ

1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರಿಗೆ ಒಂದು ಸಮಸ್ಯೆ ಎದುರಾಯಿತು. ದಾನವಾಗಿ ಬಂದ ರಕ್ತದಲ್ಲಿ ಬಿ ವೈರಸ್ಸು ಇಲ್ಲವೆಂದು ಪರೀಕ್ಷಿಸಿ ಕೊಟ್ಟರೂ ಅನೇಕ ರೋಗಿಗಳಿಗೆ ಹೆಪಟೈಟಿಸ್ ಬರುತ್ತಿತ್ತು; ಎ ವೈರಸ್ಸೂ ಅದಕ್ಕೆ ಕಾರಣವಾಗಿರಲಿಲ್ಲ. ಬೇರೆ ಹೆಸರು ತೋಚದೆ ವಿಜ್ಞಾನಿಗಳು ಅದನ್ನು ‘ಎಯೂ ಅಲ್ಲದ ಬಿಯೂ ಅಲ್ಲದ ಹೆಪಟೈಟಿಸ್’ ಎಂದು ಕರೆದರು. 1989ರಲ್ಲಿ ಮೈಕೇಲ್ ಹಾಟನ್ ಮತ್ತು ಅವರ ಸಂಗಡಿಗರು, ವೈರಸ್ಸನ್ನು ಕಣ್ಣಿನಿಂದ ಕಾಣದೆಯೇ, ಅದರ ಆನುವಂಶಿಕ ದ್ರವ್ಯದ ತುಣುಕನ್ನು ಹಿಡಿದು ಅದನ್ನು ಗುರುತಿಸಿದರು. ಆ ದ್ರವ್ಯವೊಂದೇ ರೋಗವನ್ನು ಉಂಟುಮಾಡಬಲ್ಲುದೆಂದು ಚಾರ್ಲ್ಸ್ ರೈಸ್ 1997ರಲ್ಲಿ ತೋರಿಸಿದರು. ಈ ಮೂವರಿಗೂ 2020ರ ನೊಬೆಲ್ ಪಾರಿತೋಷಕ ಸಂದಿತು.

ಸೋಂಕಿನ ದಾರಿಗಳು

ಒಬ್ಬರ ರಕ್ತದ ಸೂಕ್ಷ್ಮ ಬಿಂದುವೂ ಮತ್ತೊಬ್ಬರ ರಕ್ತವನ್ನು ಸೇರಿದರೆ ಸೋಂಕು ತಗುಲಬಹುದು. ಒಮ್ಮೆ ಬಳಸಿದ ಸೂಜಿ ಅಥವಾ ಸಿರಿಂಜನ್ನು ಮತ್ತೆ ಬಳಸುವುದು, ಪರೀಕ್ಷೆಯಿಲ್ಲದ ರಕ್ತವನ್ನು ಕೊಡುವುದು, ಮಾದಕದ್ರವ್ಯದ ಸೂಜಿಯನ್ನು ಹಂಚಿಕೊಳ್ಳುವುದು ಮುಖ್ಯ ದಾರಿಗಳು. ಜಾತ್ರೆಯಲ್ಲಿ ಸಾಲಾಗಿ ಕುಳಿತವರಿಗೆಲ್ಲ ಒಂದೇ ಸೂಜಿಯಿಂದ ಹಚ್ಚೆ ಹಾಕುವುದೂ, ಕ್ಷೌರದಲ್ಲಿ ಬ್ಲೇಡನ್ನು ಬದಲಿಸದಿರುವುದೂ ಅಪಾಯಕರ. ಸೋಂಕುಳ್ಳ ತಾಯಿಯರಿಗೆ ಹುಟ್ಟುವ ನೂರು ಶಿಶುಗಳಲ್ಲಿ ಐದಾರಕ್ಕೆ ಅದು ಬರಬಹುದು. ಲೈಂಗಿಕ ಸಂಪರ್ಕದಿಂದ ಹರಡುವುದು ಇದಕ್ಕಿಂತ ವಿರಳ. ಒಟ್ಟಿಗೆ ಉಣ್ಣುವುದರಿಂದ, ಕೈ ಕುಲುಕುವುದರಿಂದ, ಎದೆಹಾಲಿನಿಂದ ಇದು ಹರಡುವುದಿಲ್ಲ. ರೋಗಿಗೆ ಮನೆಯಲ್ಲಿ ತಟ್ಟೆ ಲೋಟಗಳನ್ನು ಬೇರೆಮಾಡಿ ಇಡುವುದು ಅನಗತ್ಯ. ಅವನ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷುಗಳನ್ನು ಬೇರೆಯವರು ಬಳಸದಿದ್ದರೆ ಸಾಕು.

ಇಲ್ಲಿ ನಾವು ಒಂದು ರೂಢಿಯನ್ನು ಪ್ರಶ್ನಿಸಬೇಕಾಗಿದೆ. ಮೈ ಬಿಸಿಯಾದೊಡನೆ ‘ಸೂಜಿ ಮಾಡಿಸಿಕೊಂಡರೇ ಗುಣ’ ಎಂದು ರೋಗಿಯೇ ವೈದ್ಯರನ್ನು ಒತ್ತಾಯಿಸುವುದುಂಟು. ಗುಳಿಗೆಯಿಂದ ಆಗುವ ಕೆಲಸಕ್ಕೆ ಸೂಜಿ ಬೇಡ. ಬೇಕೇಬೇಕಾದಲ್ಲಿ, ಹೊಸ ಸಿರಿಂಜಿನ ಪೊಟ್ಟಣವನ್ನು ನಮ್ಮೆದುರಿಗೆ ಒಡೆಯಿರಿ ಎಂದು ಕೇಳುವುದು ರೋಗಿಯ ಹಕ್ಕು.

ಮೌನದ ವರ್ಷಗಳು

ಸೋಂಕು ತಗುಲಿದ ಎರಡು ವಾರದಿಂದ ಆರು ತಿಂಗಳೊಳಗೆ ಜ್ವರ, ಆಯಾಸ, ಓಕರಿಕೆ, ಕಾಮಾಲೆಗಳು ಕಾಣಿಸಬಹುದು. ಆದರೆ ನೂರಕ್ಕೆ ಎಂಬತ್ತು ಮಂದಿಗೆ ಆರಂಭದಲ್ಲಿ ಏನೂ ತೋರುವುದಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿ ಔಷಧವಿಲ್ಲದೆಯೇ ಆರು ತಿಂಗಳೊಳಗೆ ವೈರಸ್ಸನ್ನು ಕಳೆದುಕೊಳ್ಳುತ್ತಾರೆ. ಉಳಿದ ಎಪ್ಪತ್ತು ಮಂದಿಯಲ್ಲಿ ಅದು ನೆಲೆಸುತ್ತದೆ.

ಈ ಎಪ್ಪತ್ತು ಮಂದಿಯೂ ಗಣಿಗೆ ಹೋಗುತ್ತಾರೆ, ಹೊಲಕ್ಕೆ ಹೋಗುತ್ತಾರೆ, ತಮಗೆ ರೋಗವಿದೆಯೆಂದೇ ಅರಿಯರು. ಒಳಗೆ ಮಾತ್ರ ಯಕೃತ್ತಿನ ಕೋಶಗಳು ಸಾಯುತ್ತ, ಅವುಗಳ ಎಡೆಯಲ್ಲಿ ಮಾಯ್ದ ಗಾಯದ ಕಲೆಯಂಥ ನಾರು ಬೆಳೆಯುತ್ತ ಹೋಗುತ್ತದೆ. ಇವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷಗಳೊಳಗೆ ಸಿರೋಸಿಸ್ ಎಂಬ ಸ್ಥಿತಿ ಬರಬಹುದು. ಆಗ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಕ್ರಮೇಣ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಕೆಲವರಲ್ಲಿ ಯಕೃತ್ತಿನ ಕ್ಯಾನ್ಸರ್ ಒದಗುವುವು. ಮದ್ಯಪಾನವು ಈ ಗತಿಯನ್ನು ಚುರುಕುಗೊಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಲ್ಲಿ ಈ ವೈರಸ್ಸು ನೆಲೆಸಿದೆ. 2022ರಲ್ಲಿ ಸುಮಾರು 2,42,000 ಜನ ಇದರಿಂದ ಮೃತಪಟ್ಟರು.

ಹೆಜ್ಜೆಯ ಗುರುತು ಮತ್ತು ಕಳ್ಳ

ಇದರ ಪತ್ತೆಗೆ ಎರಡು ಪರೀಕ್ಷೆಗಳು ಬೇಕು. ಮೊದಲನೆಯದು ಪ್ರತಿಕಾಯಗಳನ್ನು, ಅಂದರೆ ವೈರಸ್ಸನ್ನು ಎದುರಿಸಲು ದೇಹವು ತಯಾರಿಸಿದ ಪ್ರೋಟೀನುಗಳನ್ನು ಹುಡುಕುತ್ತದೆ. ಇವು ಕಳ್ಳನ ಹೆಜ್ಜೆಯ ಗುರುತಿನಂತೆ. ಗುರುತು ಇದೆಯೆಂದ ಮಾತ್ರಕ್ಕೆ ಕಳ್ಳನು ಇನ್ನೂ ಮನೆಯಲ್ಲಿದ್ದಾನೆಂದು ಹೇಳಲಾಗದು. ರೋಗ ಗುಣವಾದ ಮೇಲೂ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ. ಸೋಂಕು ತಗುಲಿದ ಹೊಸದರಲ್ಲಾದರೋ, ಕಳ್ಳ ಒಳಗಿದ್ದರೂ ಗುರುತು ಇನ್ನೂ ಮೂಡಿರುವುದಿಲ್ಲ.

ಎರಡನೆಯ ಪರೀಕ್ಷೆ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ. ರಕ್ತದಲ್ಲಿರುವ ಅತ್ಯಲ್ಪ ಆರ್‌ಎನ್‌ಎಯನ್ನು ಡಿಎನ್‌ಎಯ ರೂಪಕ್ಕೆ ತಿರುಗಿಸಿ, ಅದನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸಲ ಇಮ್ಮಡಿಯಾದರೆ ಒಂದು ಪ್ರತಿಯು 107 ಕೋಟಿಗೂ ಮಿಗಿಲಾಗುತ್ತದೆ! ಆರ್‌ಎನ್‌ಎ ಸಿಕ್ಕರೆ ಮಾತ್ರ ಈಗ ಸೋಂಕು ಇದೆಯೆಂದು ಅರ್ಥ. ಮೊದಲ ಪರೀಕ್ಷೆಯ ಫಲವನ್ನಷ್ಟೇ ಕಂಡು ಎದೆಗುಂದುವುದೂ, ಎರಡನೆಯದನ್ನು ಮಾಡಿಸದೆ ಸುಮ್ಮನಾಗುವುದೂ ಸಮಾನವಾದ ತಪ್ಪುಗಳು.

ಔಷಧವು ಕೆಲಸಮಾಡುವ ಬಗೆ

ವೈರಸ್ಸಿನ ಆರ್‌ಎನ್‌ಎ ಸುಮಾರು 9,600 ಕೊಂಡಿಗಳ ಒಂದು ಸರಪಳಿ. ಕೋಶದೊಳಗೆ ವೈರಸ್ಸಿನ ಕಿಣ್ವವೊಂದು ಕೊಂಡಿಗೆ ಕೊಂಡಿಯನ್ನು ಸೇರಿಸಿ ಇದರ ಪ್ರತಿಗಳನ್ನು ತಯಾರಿಸುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗೆ ಡಬ್ಬಿಗಳನ್ನು ಒಂದರ ಹಿಂದೊಂದು ಜೋಡಿಸುವುದನ್ನು ಊಹಿಸಿಕೊಳ್ಳಿರಿ. ಹಿಂಬದಿಯ ಕೊಕ್ಕೆ ಕೆಲಸಮಾಡದ ಡಬ್ಬಿಯೊಂದು ನಡುವೆ ಸೇರಿತೆಂದರೆ, ಅದರ ಮುಂದಕ್ಕೆ ಗಾಡಿ ಬೆಳೆಯಲಾರದು. ಸೊಫೊಸ್ಬುವಿರ್ ಎಂಬ ಔಷಧವು ಇಂತಹ ಹುಸಿ ಕೊಂಡಿ. ಇದರೊಡನೆ ಡಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಎಂಬುದನ್ನು ಕೊಡುತ್ತಾರೆ. ಅವು ವೈರಸ್ಸಿನ ಮತ್ತೊಂದು ಪ್ರೋಟೀನನ್ನು ತಡೆಯುತ್ತವೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಮುಂದಿನ ಲೆಕ್ಕವು ಪರಿಚಿತವೆನಿಸೀತು. ರೋಗಿಯಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಆದರೆ ರಕ್ತದಲ್ಲಿ ಅವುಗಳ ಅರ್ಧಾಯುಷ್ಯ ಸುಮಾರು ಮೂರೇ ಗಂಟೆ. ಹೊಸ ಕಣಗಳ ಉತ್ಪಾದನೆ ಪೂರ್ತಿ ನಿಂತಿತೆಂದು ಭಾವಿಸಿದರೆ, 24 ಗಂಟೆಗಳಲ್ಲಿ ಅವುಗಳ ಸಂಖ್ಯೆ ಎಂಟು ಸಲ ಅರ್ಧವಾಗಿ 256ರಲ್ಲಿ ಒಂದು ಪಾಲಿಗೆ ಇಳಿಯಬೇಕು. ಹಾಗಿದ್ದರೆ ನಾಲ್ಕಾರು ದಿನಗಳ ಔಷಧ ಸಾಲದೇಕೆ? ವೈರಸ್ಸನ್ನು ಒಳಗಿಟ್ಟುಕೊಂಡ ಯಕೃತ್ತಿನ ಕೋಶಗಳು ತೆರವಾಗುವುದು ಬಹಳ ನಿಧಾನ. ಆದುದರಿಂದಲೇ ಸಾಮಾನ್ಯವಾಗಿ 12 ವಾರ, ರೋಗ ಬಲಿತಿದ್ದರೆ ಕೆಲವೊಮ್ಮೆ 24 ವಾರ, ಔಷಧವನ್ನು ಬಿಡದೆ ನುಂಗಬೇಕು. ಹಾಯೆನಿಸಿತೆಂದು ನಡುವೆ ನಿಲ್ಲಿಸಬಾರದು. ಔಷಧ ಮುಗಿದ 12 ವಾರಗಳ ಮೇಲೂ ಆರ್‌ಎನ್‌ಎ ಕಾಣದಿದ್ದರೆ ರೋಗ ಗುಣವಾಯಿತೆಂದು ಎಣಿಸುತ್ತಾರೆ. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಹೀಗೆ ಗುಣವಾಗುತ್ತಾರೆ.

ಔಷಧ ಯಾರಿಗೆ ದೊರೆಯುತ್ತದೆ?

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ದೊರೆತಾಗ 12 ವಾರಗಳ ಔಷಧದ ಬೆಲೆ 84,000 ಡಾಲರು! 2014ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಹೆಟೆರೊ, ಬೆಂಗಳೂರಿನ ಸ್ಟ್ರೈಡ್ಸ್ ಮೊದಲಾದ ಭಾರತೀಯ ಕಂಪೆನಿಗಳಿಗೆ ಅದನ್ನು ತಯಾರಿಸುವ ಅನುಮತಿ ದೊರೆತು ಬೆಲೆ ಬಹಳ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವುದು ಸರಿಯಾದ ದಾರಿ. ಹೀಗೆ ಲಕ್ಷಾಧಿಪತಿಗೂ ಕಷ್ಟವಾಗಿದ್ದ ಔಷಧವು ಇಂದು ಕಲ್ಲು ಒಡೆಯುವವನಿಗೂ ಸಿಕ್ಕುವಂತಾಗಿದೆ.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಸಿ ವೈರಸ್ಸಿಗೆ ಇನ್ನೂ ಲಸಿಕೆಯಿಲ್ಲ. ಗುಣವಾದವರಿಗೂ ಸೋಂಕು ಮತ್ತೆ ತಗುಲಬಹುದು. ಸಿರೋಸಿಸ್ ಬಂದ ಮೇಲೆ ವೈರಸ್ಸು ಹೋದರೂ ಕ್ಯಾನ್ಸರಿನ ಭಯ ಪೂರ್ತಿ ತೊಲಗದು. ಆಗಾಗ್ಗೆ ತಪಾಸಣೆ ಮಾಡಿಸುತ್ತಿರಬೇಕು. ಆದುದರಿಂದ ಬೇಗನೆ ಪತ್ತೆಹಚ್ಚುವುದರಲ್ಲಿಯೇ ಲಾಭವಿದೆ. ಬಹಳ ಹಿಂದೆ, ರಕ್ತಪರೀಕ್ಷೆ ರೂಢಿಗೆ ಬರುವ ಮುನ್ನ, ಅಪಘಾತದಲ್ಲಿಯೋ ಹೆರಿಗೆಯಲ್ಲಿಯೋ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹಂಚಿಕೊಂಡ ಸೂಜಿಯಿಂದ ಚುಚ್ಚಿಸಿಕೊಂಡವರು ಮನೆಯಲ್ಲಿದ್ದರೆ, ವಿದ್ಯಾರ್ಥಿಗಳಾದ ನೀವು ಅವರಿಗೆ ಈ ವಿಷಯವನ್ನು ತಿಳಿಸಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿರಿ. ಅವರ ಕಣ್ಣು ಹಳದಿಯಾಗುವವರೆಗೆ ಕಾಯಬೇಡಿರಿ.