ಸೊಪ್ಪಿನ ಬೆಟ್ಟದಲ್ಲಿ ಕಾಳಿಂಗ ಸರ್ಪ: ಗ್ರಾಮಮುಖ್ಯರೂ ಜಮೀನುದಾರರೂ ತಿಳಿದಿರತಕ್ಕ ಸಂಗತಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆಯ ತೋಟಕ್ಕೆ ಸೊಪ್ಪಿನ ಬೆಟ್ಟವೇ ಆಧಾರ. ಒಂದು ಎಕರೆ ತೋಟಕ್ಕೆ 9 ಎಕರೆಯ ವರೆಗೆ ಬೆಟ್ಟದ ಸವಲತ್ತು ಈ ಘಟ್ಟದ ಮೇಲಿನ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿರುವದು. ಹಸಿಸೊಪ್ಪೂ ದರಕೂ ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ, ತೋಟವನ್ನು ಸೇರುತ್ತವೆ. ಬೇಸಿಗೆಯಲ್ಲಿ ಆಳುಗಳು ಬೆಟ್ಟದಲ್ಲಿ ದರಕು ಗುಡಿಸಿ ಹೆಡಗೆ ತುಂಬುವ ಕಾಲದಲ್ಲಿಯೇ, ಅದೇ ದರಕನ್ನು ಒಟ್ಟುಗೂಡಿಸಿಕೊಳ್ಳುವ ಇನ್ನೊಂದು ಜೀವವೂ ಅಲ್ಲಿರುವದೆಂಬದನ್ನು ಮರೆಯಲಾಗದು. ಅದು ಕಾಳಿಂಗ ಸರ್ಪ. ಎಕ್ಕಂಬಿಯಿಂದ ಪೂರ್ವಕ್ಕೆ ಹೋದಂತೆ ಕಾಡು ತೆಳುವಾಗುತ್ತ ಬರುವದು; ಪಶ್ಚಿಮಕ್ಕೆ ಹೋದಂತೆ ದಟ್ಟವಾಗುವದು, ಈ ಸರ್ಪದ ಸಂಚಾರವೂ ಹೆಚ್ಚುವದು. ಆದರೂ ನೆರಳು, ನೀರು, ಬಿದಿರ ಮೆಳೆಗಳಿರುವ ಯಾವ ಗ್ರಾಮದವರೂ ಈ ವಿಷಯದಲ್ಲಿ ಉದಾಸೀನರಾಗಿರತಕ್ಕದ್ದಲ್ಲ.

1. ಸರ್ಪದ ಲಕ್ಷಣಗಳು

ವಿಷದ ಹಾವುಗಳಲ್ಲಿ ಇಷ್ಟು ಉದ್ದವಾದುದು ಲೋಕದಲ್ಲಿ ಮತ್ತೊಂದಿಲ್ಲ. ಬೆಳೆದ ಸರ್ಪವು ಸಾಮಾನ್ಯವಾಗಿ 10ರಿಂದ 13 ಅಡಿಗಳಿರುವದು. ಇದಕ್ಕಿಂತ ದೊಡ್ಡವೂ ಉಂಟು. ಇದರ ಹೆಡೆ ನಾಗರಹಾವಿನ ಹೆಡೆಗಿಂತ ಕಿರಿದು ಹಾಗೂ ಉದ್ದ. ಅದರ ಮೇಲೆ ಕನ್ನಡಕದ ಗುರುತಿಲ್ಲ. ರೇಗಿದಾಗ ಮೈಯ ಮೂರನೆಯ ಒಂದು ಭಾಗದಷ್ಟನ್ನು ಮೇಲೆತ್ತಿ, ಗುರುಗುಟ್ಟುವಂತೆ ಬುಸುಗುಡುವದು. ಮರಿಗಳು ಕಪ್ಪಾಗಿದ್ದು, ಮೈಮೇಲೆ ಬಿಳಿಯ ಅಥವಾ ಹಳದಿ ಪಟ್ಟೆಗಳಿರುತ್ತವೆ. ಮೊಟ್ಟೆಯೊಡೆದು ಬಂದ ದಿನದಿಂದಲೇ ಅವುಗಳಿಗೆ ವಿಷವಿರುವದು.

1836ನೆಯ ಇಸವಿಯಲ್ಲಿ ಶಾಸ್ತ್ರಜ್ಞರು ಈ ಸರ್ಪಕ್ಕೆ ಹೆಸರಿಟ್ಟಂದಿನಿಂದ ಎಲ್ಲ ದೇಶಗಳ ಕಾಳಿಂಗಗಳನ್ನೂ ಒಂದೇ ಜಾತಿಯೆಂದು ಎಣಿಸುತ್ತಿದ್ದರು. 2024ರಲ್ಲಿ ಅವು ನಾಲ್ಕು ಜಾತಿಗಳೆಂದು ನಿರ್ಣಯವಾಯಿತು. ನಮ್ಮ ಪಶ್ಚಿಮ ಘಟ್ಟದ ಜಾತಿಗೆ ಕನ್ನಡದ ಹೆಸರನ್ನೇ ತೆಗೆದುಕೊಂಡು ‘ಓಫಿಯೋಫಾಗಸ್ ಕಾಳಿಂಗ’ ಎಂದು ನಾಮಕರಣ ಮಾಡಿರುವರು. ಮೊದಲಿನ ಪದಕ್ಕೆ ಹಾವನ್ನು ತಿನ್ನುವದೆಂದು ಅರ್ಥ. ಕೇರೆಹಾವು, ನಾಗರಹಾವು, ಗುಳಿಮಂಡಲ ಮುಂತಾದವುಗಳೇ ಇದರ ಆಹಾರ. ಇದು ತೋಟ ಮನೆಗಳ ಬಳಿಗೆ ಬರುವದು ಬಹುಮಟ್ಟಿಗೆ ಕೇರೆಹಾವನ್ನು ಹುಡುಕಿಕೊಂಡು. ಕೇರೆಹಾವು ಬರುವದು ಇಲಿಯನ್ನು ಹುಡುಕಿಕೊಂಡು. ಆದುದರಿಂದ ಕಾಳಿಂಗ ಬಾರದಿರಬೇಕೆನ್ನುವವರು ಮೊದಲು ತಮ್ಮ ಕಣಜದ ಇಲಿಗಳನ್ನೂ, ಅಂಗಳದಂಚಿನ ಅಡಿಕೆ ಸಿಪ್ಪೆ ಹಾಗೂ ಕಟ್ಟಿಗೆಯ ರಾಶಿಗಳನ್ನೂ ನೋಡಿಕೊಳ್ಳತಕ್ಕದ್ದು.

2. ದರಕಿನ ಗೂಡು

ಹಾವುಗಳಲ್ಲಿ ಎಲೆಗಳನ್ನು ಕೂಡಿಹಾಕಿ ಗೂಡು ಕಟ್ಟುವದು ಕಾಳಿಂಗವೊಂದೇ. ಮಾರ್ಚಿ ತಿಂಗಳ ಕೊನೆಯಿಂದ ಮೇ ತಿಂಗಳ ವರೆಗೆ ಹೆಣ್ಣು ಸರ್ಪವು ಮೈಯ ಸುರುಳಿಗಳಿಂದ ದರಕನ್ನೂ ಬಿದಿರೆಲೆಗಳನ್ನೂ ಎಳೆದು ಒಟ್ಟಿ, ಸುಮಾರು ಒಂದೂವರೆ ಎರಡು ಅಡಿ ಎತ್ತರ, ನಾಲ್ಕು ಅಡಿ ಅಗಲದ ಗುಪ್ಪೆ ಮಾಡುವದು. ಒಳಗೆ 20ರಿಂದ 40 ಮೊಟ್ಟೆಗಳನ್ನಿಟ್ಟು ತಾನು ಮೇಲ್ಗಡೆ ಕಾವಲಿರುವದು. ಮಳೆಗಾಲದ ಜಡಿಮಳೆಯಲ್ಲಿಯೂ ಗುಪ್ಪೆಯ ಒಳಭಾಗವು ಬೆಚ್ಚಗಿರುವದು. ಸುಮಾರು ಮೂರು ತಿಂಗಳಿಗೆ ಮರಿಗಳು ಹೊರಡುತ್ತವೆ. ತಾಯಿ ಅದಕ್ಕೆ ಸ್ವಲ್ಪ ಮೊದಲೇ ಗೂಡನ್ನು ಬಿಟ್ಟುಹೋಗುವದು.

ಇಲ್ಲಿಯೇ ನಮಗಿರುವ ಅಪಾಯ. ಬೇರೆ ಸಮಯದಲ್ಲಿ ಮನುಷ್ಯನ ಸುಳಿವು ಕಂಡೊಡನೆ ಸರಿದುಹೋಗುವ ಸರ್ಪವು ಗೂಡಿನ ಬಳಿಯಲ್ಲಿ ಸರಿಯದೆ ನಿಲ್ಲಬಹುದು. ಗುಡಿಸುವ ಆಳಿಗಾದರೋ ಆ ಗುಪ್ಪೆಯು ಯಾರೋ ಒಟ್ಟಿಟ್ಟುಹೋದ ದರಕಿನ ರಾಶಿಯಂತೆ ಕಾಣುವದು. ಬರಿಗೈಯಿಂದ ಅದನ್ನು ಬಾಚಲು ಬಗ್ಗಿದವನ ಗತಿಯನ್ನು ವಿವರಿಸಬೇಕಾದುದಿಲ್ಲ. ಆ ಗುಪ್ಪೆಯಲ್ಲಿರುವ ದರಕು ನಾಲ್ಕಾರು ಹೆಡಗೆ ಮಾತ್ರ. ಅದಕ್ಕಾಗಿ ಆಳಿನ ಪ್ರಾಣವನ್ನು ಪಣಕ್ಕಿಡುವದು ಯಾವ ಲೆಕ್ಕದಿಂದಲೂ ಲಾಭವಲ್ಲ.

3. ಬೆಟ್ಟದ ಕೆಲಸದಲ್ಲಿ ಜಾಗ್ರತೆ

ಜಮೀನುದಾರರು ಆಳುಗಳನ್ನು ಕಳುಹುವ ಮುಂಚೆ ಅನುಭವಿಯಾದ ಒಬ್ಬನು ಬೆಟ್ಟವನ್ನು ಸುತ್ತಿ ನೋಡಿಬರಲಿ. ತಾವು ಒಟ್ಟದ ರಾಶಿ ಕಂಡರೆ ಮುಟ್ಟಕೂಡದು. ಸುತ್ತಲೂ ಇಪ್ಪತ್ತೈದು ಮಾರಿನಷ್ಟು ಸ್ಥಳವನ್ನು ಬಿಟ್ಟು, ಗುರುತು ಕಟ್ಟಿ, ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಶ್ರಾವಣ ಕಳೆಯುವ ವರೆಗೆ ಅಲ್ಲಿ ದನ ಮೇಯಿಸುವದೂ ಬೇಡ. ದರಕನ್ನು ಮೊದಲು ಉದ್ದ ಕೋಲಿನಿಂದ ಕೆದಕಿ ಆಮೇಲೆ ಕೈಹಾಕಬೇಕು. ಆಳುಗಳಿಗೆ ಗಂಬೂಟು ಕೊಡಿಸುವದು ಜಮೀನುದಾರರ ಕರ್ತವ್ಯವೆಂದೇ ಎಣಿಸತಕ್ಕದ್ದು. ಸಂಜೆಯ ಮೇಲೆ ದೀಪವಿಲ್ಲದೆ ತೋಟಕ್ಕಿಳಿಯಕೂಡದು. ಕಾಳಿಂಗವು ಹಗಲು ಸಂಚರಿಸುವದಾದರೂ, ಕಟ್ಟಹಾವು ಕೊಳಕುಮಂಡಲಗಳು ಹೊರಡುವದು ರಾತ್ರಿಯಲ್ಲಿಯೇ.

ಕಾಳಿಂಗವು ಎದುರಾದರೆ ನಿಂತಲ್ಲಿಯೇ ನಿಂತು, ಅದರ ಮೇಲಿನ ದೃಷ್ಟಿ ತೆಗೆಯದೆ, ಮೆಲ್ಲನೆ ಹಿಂದಕ್ಕೆ ಸರಿಯಬೇಕು. ಕಲ್ಲೆಸೆಯುವದು, ಕೂಗಾಡುವದು, ಸುತ್ತುಗಟ್ಟುವದು ಸಲ್ಲದು. ಇದು ಮನುಷ್ಯನನ್ನು ಅಟ್ಟಿಸಿಕೊಂಡು ಬಂದು ಕಚ್ಚುವದೆಂಬ ಮಾತು ನಿಜವಲ್ಲ. ತಪ್ಪಿಸಿಕೊಳ್ಳುವ ದಾರಿಗೆ ನಾವೇ ಅಡ್ಡವಾಗಿ ನಿಂತಿದ್ದರೆ ಅದು ನಮ್ಮ ಕಡೆಗೆ ಬಂದಂತೆ ತೋರುವದು.

4. ಕಡಿತವಾದರೆ

ಕಾಳಿಂಗದ ಕಡಿತವು ಬಹು ವಿರಳ. ಆದರೆ ಆದಾಗ ಅತಿ ಘೋರ. ಇದರ ವಿಷವು ನರಗಳನ್ನು ಕೆಡಿಸಿ ಉಸಿರಾಟವನ್ನು ನಿಲ್ಲಿಸುವದು. ಒಂದೇ ಕಡಿತದಲ್ಲಿ ಇಳಿಯುವ ವಿಷದ ಪ್ರಮಾಣವೂ ಹೆಚ್ಚು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುವರು. ಕಾಳಿಂಗದ ವಿಷಕ್ಕೆ ತಕ್ಕ ಮದ್ದು ಅದರಲ್ಲಿಲ್ಲ. ಥಾಯ್ಲೆಂಡಿನ ರೆಡ್ ಕ್ರಾಸ್ ಸಂಸ್ಥೆಯು ಅಂಥದನ್ನು ತಯಾರಿಸುವದಾದರೂ ಅದು ನಮ್ಮ ತಾಲೂಕುಗಳ ಕೈಗೆ ಎಟಕುವಂಥದಲ್ಲ. ಆದುದರಿಂದ ಕಡಿತಕ್ಕೆ ಸಿಕ್ಕವನ ಪ್ರಾಣವು ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಎಷ್ಟು ಬೇಗ ಮುಟ್ಟಿದನೆಂಬದರ ಮೇಲೆ ನಿಂತಿರುವದು.

ಯಾವ ಹಾವು ಕಚ್ಚಿದರೂ ಕ್ರಮವು ಒಂದೇ. ರೋಗಿಯನ್ನು ನಡೆಯಗೊಡದೆ ಮಲಗಿಸಿ, ಧೈರ್ಯ ಹೇಳಬೇಕು. ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆದು, ಕಡಿತದ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಮಾಡಬೇಕು. ಬಿಗಿಯಾಗಿ ಹಗ್ಗ ಬಿಗಿಯುವದು, ಗಾಯ ಕೊಯ್ಯುವದು, ಬಾಯಿಂದ ಹೀರುವದು, ಬೇರು ತೇಯ್ದು ಹಚ್ಚುವದು, ಇವೊಂದೂ ಕೂಡದು. 108ಕ್ಕೆ ಕರೆಮಾಡಿ, ವಾಹನ ತಡವಾಗುವದಾದರೆ ಸಿಕ್ಕ ವಾಹನದಲ್ಲಿ ಹೊರಡಬೇಕು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಯಿಟ್ಟು ಗಾಳಿ ಊದುತ್ತಿರಬೇಕು. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬನು ಕಚ್ಚಿಸಿಕೊಳ್ಳುವದು ಬೇಡ. ದೂರದಿಂದ ಒಂದು ಚಿತ್ರ ತೆಗೆದರೆ ಸಾಕು. ನಂಬಿಕೆಯುಳ್ಳವರು ಹರಕೆ ಹೊರಲಿ, ಆದರೆ ಆಸ್ಪತ್ರೆಗೆ ಹೊರಟ ಮೇಲೆ. 2000ದಿಂದ 2019ರ ವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಡಿದು ಸತ್ತರೆಂದು ಅಂದಾಜಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ವ್ಯಾಧಿಯೆಂದು ಘೋಷಿಸಿರುವದು.

5. ಕೊಲ್ಲುವದೇಕೆ ಬೇಡ

ಬ್ರಿಟಿಷರ ಆಳಿಕೆಯಲ್ಲಿ ವಿಷದ ಹಾವನ್ನು ಕೊಂದವರಿಗೆ ಇನಾಮು ಕೊಡುವ ಪದ್ಧತಿಯಿತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಳಿಂಗವನ್ನು ಕೊಲ್ಲುವದು ಶಿಕ್ಷಾರ್ಹ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಕೊಲ್ಲಲು ಹೋಗುವದೇ ಕಡಿತಕ್ಕೆ ದೊಡ್ಡ ಕಾರಣ. ಬಹುದೂರ ಒಯ್ದು ಬಿಡುವದೂ ತಕ್ಕ ಉಪಾಯವಲ್ಲ. ರೊಮುಲಸ್ ವಿಟೇಕರರು 2005ರಲ್ಲಿ ಸ್ಥಾಪಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಸರ್ಪಗಳ ಮೈಯಲ್ಲಿ ರೇಡಿಯೋ ಯಂತ್ರವನ್ನಿಟ್ಟು ಹಿಂಬಾಲಿಸಿದಾಗ, ಬೇರೆಡೆಗೆ ಒಯ್ದು ಬಿಟ್ಟ ಸರ್ಪವು ನೆಲೆನಿಲ್ಲದೆ ಬಹುದೂರ ಅಲೆದುದು ಕಂಡುಬಂದಿತು. ತನ್ನ ನೆಲೆಯನ್ನರಿತ ಸರ್ಪವು ಜನರನ್ನು ತಪ್ಪಿಸಿ ಬಾಳುವದು. ನೆಲೆ ತಪ್ಪಿದುದು ಎಲ್ಲೆಂದರಲ್ಲಿ ನುಗ್ಗುವದು. ಮನೆಯೊಳಗೆ ಸೇರಿಕೊಂಡರೆ ಮಾತ್ರ ಬಾಗಿಲು ಮುಚ್ಚಿ, ಜನರನ್ನು ದೂರವಿರಿಸಿ, ಅರಣ್ಯ ಇಲಾಖೆಯವರನ್ನು ಕರೆಯತಕ್ಕದ್ದು.

ಗ್ರಾಮಮುಖ್ಯರು ದರಕು ಗುಡಿಸುವ ಸುಗ್ಗಿಗೆ ಮುಂಚೆ ಇದನ್ನು ಊರ ಜನರನ್ನು ಕೂಡಿಸಿ ಓದಿಹೇಳಬೇಕು. ಹತ್ತಿರದಲ್ಲಿ ಉಸಿರಾಟದ ಯಂತ್ರವಿರುವ ಆಸ್ಪತ್ರೆ ಯಾವುದು, ರಾತ್ರಿ ವೇಳೆಯಲ್ಲಿ ಯಾರ ವಾಹನ ಸಿಗುವದು ಎಂಬೆರಡನ್ನು ವಿಚಾರಿಸಿ ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಿಡಬೇಕು. ಬೆಟ್ಟಕ್ಕೆ ಹೋದ ಆಳುಗಳೆಲ್ಲರೂ ಸಂಜೆಗೆ ಕ್ಷೇಮದಿಂದ ಮನೆಗೆ ಮರಳುವದೇ ಒಳ್ಳೆಯ ಒಕ್ಕಲುತನದ ಮೊದಲ ಫಲವೆಂದು ತಿಳಿಯತಕ್ಕದ್ದು.