ಮನೆ ಕೊಳ್ಳುವವರಿಗೆ ವಿಮೆ: ಯಾವ ದಿನದಿಂದ?

ದೆಹಲಿಯ ಕರೋಲ್ ಬಾಗ್‌ಗೆ ಹೊಂದಿಕೊಂಡಿರುವ ಓಲ್ಡ್ ರಾಜಿಂದರ್ ನಗರವು ದೇಶ ವಿಭಜನೆಯ ತರುವಾಯ ಪಶ್ಚಿಮ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗಾಗಿ ರೂಪುಗೊಂಡ ಬಡಾವಣೆಗಳಲ್ಲೊಂದು. ಪ್ರಥಮ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಅಂದಿನ ತಗ್ಗು ಮನೆಗಳು ಬಹುಮಟ್ಟಿಗೆ ಮರೆಯಾಗಿ, ಆ ಸಣ್ಣ ನಿವೇಶನಗಳ ಮೇಲೆಯೇ ಮೂರು-ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಅನೇಕ ಕಡೆ ಒಂದೊಂದು ಅಂತಸ್ತಿಗೂ ಒಬ್ಬೊಬ್ಬ ಮಾಲೀಕರು. ಹಲವು ಅಂತಸ್ತುಗಳಲ್ಲಿ ಯು.ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿರುವ ಬಾಡಿಗೆದಾರರು. ಅವರಲ್ಲಿ ಕರ್ನಾಟಕದಿಂದ ಬಂದವರೂ ಉಂಟು. 2024ರ ಜುಲೈ 27ರ ಸಂಜೆ ಮಳೆನೀರು ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ನುಗ್ಗಿ ಮೂವರು ಅಭ್ಯರ್ಥಿಗಳು ಮೃತಪಟ್ಟದ್ದು ಇಲ್ಲಿಯೇ. ಆ ದುರಂತ ಎತ್ತಿದ ಪ್ರಶ್ನೆ ಜೀವರಕ್ಷಣೆಯದು, ವಿಮೆಯದಲ್ಲ. ಆದರೂ ಅದೇ ಬೀದಿಗಳಲ್ಲಿ ಮನೆ ಕೊಳ್ಳಲು ಹೊರಟವರು ನೀರು, ಬೆಂಕಿ, ಭೂಕಂಪಗಳ ಬಗೆಗೆ ಆಲೋಚಿಸದೆ ಇರಲಾಗದು. 2002ರ ಭಾರತೀಯ ಮಾನಕದ ನಕ್ಷೆಯು ದೆಹಲಿಯನ್ನು ನಾಲ್ಕನೆಯ ಭೂಕಂಪ ವಲಯದಲ್ಲಿರಿಸಿತ್ತು. 2025ರ ಫೆಬ್ರವರಿ 17ರ ಬೆಳಗಿನ ಜಾವ ನಗರವನ್ನು ಎಬ್ಬಿಸಿದ ಕಂಪನದ ಕೇಂದ್ರ ಧೌಲಾ ಕುವಾಂ ಬಳಿ, ನಗರದೊಳಗೇ ಇತ್ತು.

ಮನೆಗೆ ವಿಮೆ ಬೇಕೆಂಬುದನ್ನು ಬಹುಮಂದಿ ಒಪ್ಪುತ್ತಾರೆ. ತಪ್ಪುವುದು ದಿನಾಂಕದ ವಿಷಯದಲ್ಲಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ದೆಹಲಿಯಲ್ಲಿ ನೌಕರಿಯಲ್ಲಿರುವ ಕನ್ನಡ ದಂಪತಿ ಈ ಬಡಾವಣೆಯಲ್ಲಿ ಎರಡನೆಯ ಅಂತಸ್ತನ್ನು ಕೊಳ್ಳುತ್ತಾರೆ. ಜೂನ್ 1ರಂದು ಮುಂಗಡ ಕೊಟ್ಟು ಕರಾರು. ಜುಲೈ 10ರಂದು ಪೂರ್ಣ ಹಣ ಸಲ್ಲಿಸಿ ಕ್ರಯಪತ್ರದ ನೋಂದಣಿ. ಮಾರಾಟಗಾರರು ತಮ್ಮ ಹೊಸ ಮನೆ ಸಿದ್ಧವಾಗುವವರೆಗೆ ಇರಲು ಅವಕಾಶ ಕೇಳಿದ್ದರಿಂದ ಬೀಗದ ಕೈ ಸಿಗುವುದು ಆಗಸ್ಟ್ 15ಕ್ಕೆ. ಗೃಹಪ್ರವೇಶದ ನಂತರ ವಿಮೆ ಮಾಡಿಸಿದರಾಯಿತೆಂದು ದಂಪತಿ ಸುಮ್ಮನಿರುತ್ತಾರೆ. ಜುಲೈ ಕೊನೆಯಲ್ಲಿ ಕೆಳ ಅಂತಸ್ತಿನಿಂದ ಹಬ್ಬಿದ ಬೆಂಕಿಯಿಂದ ಮನೆ ಸುಟ್ಟರೆ ನಷ್ಟ ಯಾರದು?

ನಷ್ಟ ಕೊಂಡವರದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದ ಪ್ರಕಾರ, ಒಡೆತನವು ಕೊಂಡವರಿಗೆ ವರ್ಗವಾದ ಮೇಲೆ, ಮಾರಿದವರಿಂದ ಉಂಟಾಗದ ನಾಶವನ್ನೂ ಹಾನಿಯನ್ನೂ ಕೊಂಡವರೇ ಹೊರಬೇಕು. ಬೀಗದ ಕೈ ಯಾರ ಬಳಿ ಇದೆ ಎಂಬುದು ಇಲ್ಲಿ ನಿರ್ಣಾಯಕವಲ್ಲ. ಇದರ ಜೊತೆಗೆ 1908ರ ನೋಂದಣಿ ಅಧಿನಿಯಮದ 47ನೆಯ ಪ್ರಕರಣವನ್ನೂ ಓದಬೇಕು. ಅದರಂತೆ, ನೋಂದಣಿಯಾದ ದಸ್ತಾವೇಜು ನೋಂದಣಿಯ ದಿನದಿಂದಲ್ಲ, ಬರೆದು ಸಹಿ ಹಾಕಿದ ದಿನದಿಂದಲೇ ಜಾರಿಗೆ ಬರುತ್ತದೆ. ಸಹಿ ಸೋಮವಾರ, ನೋಂದಣಿ ಗುರುವಾರವಾದರೆ, ನಡುವಣ ಮೂರು ದಿನಗಳೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಕ್ರಯಪತ್ರಕ್ಕೆ ಸಹಿ ಬೀಳುವ ದಿನವೇ ಪಾಲಿಸಿಯ ಮೊದಲ ದಿನವಾಗಿರುವುದು ಕ್ಷೇಮ.

ಆ ದಿನ ಬೆಳಿಗ್ಗೆ ವಿಮಾ ಕಚೇರಿಗೆ ಹೋದರೆ ಸಾಕೇ? ಸಾಲದು. 1938ರ ವಿಮಾ ಅಧಿನಿಯಮದ 64ವಿಬಿ ಪ್ರಕರಣದಂತೆ ಪ್ರೀಮಿಯಂ ಮುಂಚಿತವಾಗಿ ಸಂದಾಯವಾಗದೆ ವಿಮಾ ಸಂಸ್ಥೆಯು ಹೊಣೆಯನ್ನು ವಹಿಸಿಕೊಳ್ಳುವಂತಿಲ್ಲ. ಅರ್ಜಿ ಕೊಟ್ಟ ಮಾತ್ರಕ್ಕೆ ರಕ್ಷಣೆ ದೊರೆಯದು. ಒಂದೆರಡು ವಾರ ಮೊದಲೇ ಮನೆಯ ಕಾರ್ಪೆಟ್ ವಿಸ್ತೀರ್ಣ, ಕಟ್ಟಡದ ವಯಸ್ಸು, ಯಾವ ಅಂತಸ್ತು ಎಂಬ ವಿವರಗಳನ್ನು ಒದಗಿಸಿ, ಹಣ ಪಾವತಿಸಿ, ಆರಂಭದ ದಿನಾಂಕವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಕ್ರಯಪತ್ರದ ದಿನ ಮುಂದೆ ಹೋದರೆ ಸಂಸ್ಥೆಗೆ ಕೂಡಲೇ ತಿಳಿಸಬೇಕು.

ಕರಾರು ಮತ್ತು ಕ್ರಯಪತ್ರದ ನಡುವಿನ ಅವಧಿಯ ಸ್ಥಿತಿ ಬೇರೆ. ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಸೃಷ್ಟಿಸದೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣ ಹೇಳುತ್ತದೆ. ಸ್ವತ್ತನ್ನು ಒಪ್ಪಿಸುವವರೆಗೆ ಸಾಮಾನ್ಯ ವಿವೇಕವುಳ್ಳ ಒಡೆಯನಂತೆ ಅದನ್ನು ಜೋಪಾನ ಮಾಡುವುದು ಮಾರುವವರ ಕರ್ತವ್ಯ. ಇಂಗ್ಲೆಂಡಿನಲ್ಲಿ ಕರಾರು ವಿನಿಮಯದೊಂದಿಗೇ ಅಪಾಯವು ಕೊಳ್ಳುವವರಿಗೆ ವರ್ಗವಾಗುವುದು ಹಳೆಯ ನಿಯಮ. ವಿದೇಶದ ಬಂಧುಗಳ ಸಲಹೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿದರೆ ಗೊಂದಲವಾಗುವುದು ಇದರಿಂದಲೇ. ನಮ್ಮಲ್ಲಿ ಈ ಅವಧಿಗೆ ಬೇಕಾದುದು ಪಾಲಿಸಿಗಿಂತ ಹೆಚ್ಚಾಗಿ ಕರಾರಿನಲ್ಲಿ ಎರಡು ವಾಕ್ಯ: ಕ್ರಯಪತ್ರವಾಗುವವರೆಗೆ ಮಾರುವವರು ಕಟ್ಟಡದ ವಿಮೆಯನ್ನು ಚಾಲ್ತಿಯಲ್ಲಿಡತಕ್ಕದ್ದು, ಕಟ್ಟಡ ನಾಶವಾದಲ್ಲಿ ಮುಂಗಡವನ್ನು ಹಿಂದಿರುಗಿಸತಕ್ಕದ್ದು. ಕರಾರಿನ ಮೇಲೆಯೇ ಸ್ವಾಧೀನ ಪಡೆಯುವವರಾದರೆ ಅಂದಿನಿಂದಲೇ, ತಮ್ಮ ಹಕ್ಕಿನ ಸ್ವರೂಪವನ್ನು ಮುಚ್ಚಿಡದೆ, ವಿಮೆಯ ಮಾತನಾಡಬೇಕು. ದೆಹಲಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಜನರಲ್ ಪವರ್ ಆಫ್ ಅಟಾರ್ನಿ ಮೂಲಕದ ಮಾರಾಟವು ಒಡೆತನವನ್ನು ವರ್ಗಾಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್‌ನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಂಥ ಕಾಗದಗಳನ್ನೇ ನೆಚ್ಚಿದವರಿಗೆ ವಿಮೆಯ ಪರಿಹಾರ ಕೇಳುವಾಗಲೂ ತೊಡಕು ತಪ್ಪದು.

ಮಾರಿದವರ ಹಳೆಯ ಪಾಲಿಸಿ ಕೊಂಡವರನ್ನು ಕಾಯುವುದೇ? ವರ್ಗಾವಣೆಯ ದಿನ ಅಗ್ನಿವಿಮೆ ಇದ್ದಲ್ಲಿ, ಮಾರಿದವರು ವಾಸ್ತವವಾಗಿ ಪಡೆದ ಹಣವನ್ನು ಕಟ್ಟಡದ ದುರಸ್ತಿಗೆ ಬಳಸುವಂತೆ ಕೇಳುವ ಹಕ್ಕನ್ನು 49ನೆಯ ಪ್ರಕರಣ ಕೊಡುತ್ತದೆ. ಆದರೆ ಪೂರ್ಣ ಬೆಲೆ ಪಡೆದವರಿಗೆ ನಷ್ಟವೇ ಇಲ್ಲವೆಂದು ಸಂಸ್ಥೆ ವಾದಿಸಬಹುದು. ಅವರಿಗೆ ಹಣವೇ ಬಾರದಿದ್ದರೆ ಈ ಹಕ್ಕಿನಿಂದ ಪ್ರಯೋಜನವಿಲ್ಲ. ಇದನ್ನು ನಂಬಿ ಕೂರುವುದು ತರವಲ್ಲ.

ಎಷ್ಟು ಮೊತ್ತಕ್ಕೆ?

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯು ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ವಿಮಾ ಮೊತ್ತವೆಂದರೆ ಮನೆಯ ಮಾರುಕಟ್ಟೆ ಬೆಲೆಯಲ್ಲ, ಮತ್ತೆ ಕಟ್ಟಲು ತಗಲುವ ವೆಚ್ಚ. ಮೇಲಿನ ದಂಪತಿಯ ಮನೆ 80 ಚದರ ಮೀಟರ್ ಇದ್ದು, ನಿರ್ಮಾಣ ವೆಚ್ಚವನ್ನು ಲೆಕ್ಕಕ್ಕಾಗಿ ಚದರ ಮೀಟರಿಗೆ 25,000 ರೂಪಾಯಿ ಎಂದಿಟ್ಟುಕೊಂಡರೆ, ಮೊತ್ತ 20 ಲಕ್ಷ. ಅವರು ಕೊಟ್ಟ ಬೆಲೆ ಇದರ ಹಲವು ಪಟ್ಟು ಇರಬಹುದು. ಆ ಅಂತರ ನೆಲದ ಬೆಲೆ, ಅದಕ್ಕೆ ಪ್ರೀಮಿಯಂ ತೆರುವುದು ವ್ಯರ್ಥ. ಮನೆಯೊಳಗಿನ ಸಾಮಾನ್ಯ ಸಾಮಗ್ರಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿ ರಕ್ಷಣೆ ಸೇರುತ್ತದೆ. ಇವರಿಗೆ ಅದು 4 ಲಕ್ಷ. ನೆಲಕ್ಕೆ ವಿಮೆಯಿಲ್ಲವೆಂಬುದರ ಕಹಿಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ ಮನೆಯೊಂದಿಗೆ ಮನೆ ನಿಂತಿದ್ದ ಜಾಗವೂ ಹೋಯಿತು.

ಗೃಹಸಾಲ ಪಡೆದವರು ಒಂದು ಕಾಗದವನ್ನು ತೆರೆದು ನೋಡುವುದು ಒಳಿತು. ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಂಡ 'ವಿಮೆ' ಹಲವು ವೇಳೆ ಸಾಲಗಾರರ ಜೀವಕ್ಕೆ ಸಂಬಂಧಿಸಿದ್ದು. ಅವರು ತೀರಿಕೊಂಡರೆ ಸಾಲ ತೀರುತ್ತದೆ, ಮನೆ ಸುಟ್ಟರೆ ಏನೂ ಬಾರದು. ಕಟ್ಟಡದ ವಿಮೆಯೇ ಆಗಿದ್ದರೂ ಅದು ಉಳಿದ ಸಾಲದ ಮೊತ್ತಕ್ಕಷ್ಟೇ ಇರಬಹುದು, ಪರಿಹಾರವೂ ಮೊದಲು ಬ್ಯಾಂಕಿಗೆ ಸಲ್ಲಬಹುದು.

ಓಲ್ಡ್ ರಾಜಿಂದರ್ ನಗರದಂಥ ಕಡೆ ಇನ್ನೂ ಎರಡು ಸಂಗತಿಗಳಿವೆ. ಕಟ್ಟಡ ಕುಸಿದರೆ ಎರಡನೆಯ ಅಂತಸ್ತನ್ನು ಮಾತ್ರ ಮತ್ತೆ ಕಟ್ಟಲು ಬಾರದು. ತಳಪಾಯ, ಮೆಟ್ಟಿಲು, ಚಾವಣಿ ಎಲ್ಲರವೂ ಹೌದು. ಒಬ್ಬರು ವಿಮೆ ಮಾಡಿಸಿ ಉಳಿದ ಮೂವರು ಮಾಡಿಸದಿದ್ದರೆ, ಮಾಡಿಸಿದವರ ಹಣವೂ ಕೆಲಸಕ್ಕೆ ಬಾರದೆ ಕೂರಬಹುದು. ಸಹಿಗೆ ಮುನ್ನವೇ ನೆರೆಯ ಅಂತಸ್ತುಗಳವರನ್ನು ಕಂಡು ವಿಚಾರಿಸುವುದು ಯುಕ್ತ; ಸಂಕೋಚದ ಮಾತಾದರೂ ಆಡಿಬಿಡಬೇಕು. ಎರಡನೆಯದು ಉಪಯೋಗದ ಮಾತು. ಈ ಪಾಲಿಸಿ ವಾಸದ ಮನೆಗೆ. ಕೊಠಡಿಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ, ನೆಲಮಾಳಿಗೆಯನ್ನು ವಾಚನಾಲಯವಾಗಿಸುವ ಉದ್ದೇಶವಿದ್ದರೆ ಅದನ್ನು ಅರ್ಜಿಯಲ್ಲಿಯೇ ತಿಳಿಸಬೇಕು. ಮುಚ್ಚಿಟ್ಟ ಸಂಗತಿ ಪರಿಹಾರ ಕೇಳುವ ದಿನ ಹೊರಬಿದ್ದರೆ ಪಾಲಿಸಿಯೇ ಬಿದ್ದುಹೋಗಬಹುದು. ಬಾಡಿಗೆದಾರರ ಪುಸ್ತಕ, ಕಂಪ್ಯೂಟರ್, ಬಟ್ಟೆಬರೆಗಳು ಮಾಲೀಕರ ಪಾಲಿಸಿಯೊಳಗೆ ಬರುವುದಿಲ್ಲ. ಸಾಮಗ್ರಿಗೆ ಮಾತ್ರ ಪ್ರತ್ಯೇಕ ವಿಮೆ ಪಡೆಯಲು ಬಾಡಿಗೆದಾರರಿಗೆ ಅವಕಾಶವಿದೆ.